ಬೂಷ್ಟು ಹಿಡಿದ ಮೆಕ್ಕೆಜೋಳ ದನಕ್ಕಾದರೂ ಆಗುತ್ತೆ ಅನ್ನೋದು ಎಷ್ಟು ಸರಿ?

2021ರ ನವೆಂಬರ್ ಮಳೆಯನ್ನು ಮೆಕ್ಕೆಜೋಳ ಬೆಳೆದವರು ಯಾರೂ ಮರೆತಿರಲಿಕ್ಕಿಲ್ಲ. ನಮ್ಮ ಜಗಳೂರು ಸೀಮೆಯವರು ವರ್ಷವಿಡೀ ಮೋಡ ನೋಡುತ್ತಾ ಕೂರುವ ಜನ. ಬೇಕಾದಾಗ ಬಾರದ ಮಳೆ ಆ ಸಲ ತೆನೆ ಮುರಿದು ರಾಶಿ ಹಾಕಿದ ಮೇಲೆ ಬಂತು. ಒಂದು ದಿನ, ಎರಡು ದಿನ ಅಲ್ಲ, ಬಿಟ್ಟು ಬಿಟ್ಟು ಹತ್ತು ಹನ್ನೆರಡು ದಿನ ಹಿಡಿಯಿತು. ರಾಶಿ ಮೇಲೆ ತಾಡಪಾಲು ಹೊದಿಸಿ, ಸುತ್ತ ಕಲ್ಲು ಹೇರಿ, ನಾನು ಗೆದ್ದೆ ಅಂತ ತಿಳಿದುಕೊಂಡಿದ್ದೆ. ಬಿಸಿಲು ಬಿದ್ದ ದಿನ ತಾಡಪಾಲು ಎತ್ತಿದರೆ ಒಳಗಿಂದ ಹಬೆ ಬಂತು. ರಾಶಿಗೆ ಕೈ ಹಾಕಿದರೆ ಹಂಡೆ ನೀರಿನ ಹಾಗೆ ಬಿಸಿ. ಮಳೆ ನೀರು ಒಳಗೆ ಹೋಗಿರಲಿಲ್ಲ. ತೆನೆಯೇ ಬೆವತು, ಆ ಬೆವರಲ್ಲೇ ತಾನು ನೆನೆದಿತ್ತು.

ನನ್ನದು ಮೂರು ಎಕರೆ ಕೆಂಪು ಮಸಾರಿ ಹೊಲ. ಆ ವರ್ಷ 46 ಕ್ವಿಂಟಾಲು ಆಯ್ತು. ಒಕ್ಕಣೆ ಮಾಡಿಸಿ ಎರಡು ದಿನ ಒಣಗಿಸಿ ಮಾರಲು ಒಯ್ದೆ. ಕೊಳ್ಳುವವರು ಮೀಟರಿಗೆ ಕಾಳು ಹಾಕಿದರು, 19 ತೋರಿಸಿತು. ಆಮೇಲೆ ಚೀಲಗಳಿಗೆ ಬೊಂಬು ಚುಚ್ಚಿ ಕಾಳು ತೆಗೆದು ಮೂಸಿ ನೋಡಿದರು. ನಾಲ್ಕು ಚೀಲ ಪಕ್ಕಕ್ಕೆ ಇಟ್ಟರು. "ಯಜಮಾನ್ರೆ, ಇವು ನಮಗೆ ಬ್ಯಾಡ, ಹಿಂದಕ್ಕೆ ತಗಂಡು ಹೋಗ್ರಿ" ಅಂದರು. ಉಳಿದದ್ದಕ್ಕೆ ತೇವ, ಕಸ ಅಂತ ಕಡಿದು ದುಡ್ಡು ಎಣಿಸಿದರು. ಬೈದುಕೊಂಡೇ ಮನೆಗೆ ಬಂದೆ.

ಆ ನಾಲ್ಕು ಚೀಲದ ಕಥೆಯೇ ಈ ಬರಹ. ಮರ್ಯಾದೆ ಹೋಗುವ ಮಾತೂ ಇದರಲ್ಲಿದೆ, ಇರಲಿ. ಎರಡು ಚೀಲವನ್ನು ಬಿಸಿಲಿಗೆ ಹಾಕಿ, ತೂರಿ, ವಾಸನೆ ಕಡಿಮೆಯಾದ ಮೇಲೆ ಒಳ್ಳೆಯ ಕಾಳಿನಲ್ಲಿ ಬೆರೆಸಿ ಬೇರೆ ಕಡೆ ಮಾರಿದೆ. ಮೂರನೆಯ ಚೀಲದಿಂದ ನೋಡಲು ಚೆನ್ನಾಗಿದ್ದ ಒಂದು ಹತ್ತು ಕೆ.ಜಿ. ತೆಗೆದು ತೊಳೆದು ಒಣಗಿಸಿ, ಬಿಳಿಜೋಳದ ಜೊತೆ ಗಿರಣಿಗೆ ಹಾಕಿಸಿದೆವು. ಉಳಿದದ್ದು ಹಸುವಿಗೆ, ಕೋಳಿಗೆ. ನಮ್ಮ ಹಿರೇರ ಕಾಲದಿಂದ ಬಂದ ಲೆಕ್ಕ ಅದೇ ಅಲ್ಲವೇ? ಒಳ್ಳೇದು ಪೇಟೆಗೆ, ನಡುವಿನದು ಮನೆಗೆ, ಕೆಟ್ಟದ್ದು ದನಕ್ಕೆ.

ರೊಟ್ಟಿ ಮೂರು ದಿನ ತಿಂದೆವು. ನಮ್ಮ ಅವ್ವ "ಇದ್ಯಾಕೋ ಕಹಿ ಐತಲ್ಲೋ" ಅಂದಳು. ಅವಳ ಬಾಯಿ ರುಚಿ ಕೆಟ್ಟಿದೆ ಅಂತ ನಾನು ಲಕ್ಷ್ಯ ಕೊಡಲಿಲ್ಲ. ನಾಲ್ಕನೆಯ ದಿನ ನನ್ನ ಹೆಂಡತಿಯೇ ಹಿಟ್ಟಿನ ಡಬ್ಬಿ ಎತ್ತಿ ಕೋಳಿಗೆ ಸುರಿದಳು. ಮೂರು ವಾರದಲ್ಲಿ ಇಪ್ಪತ್ತೆರಡು ಕೋಳಿಯಲ್ಲಿ ಒಂಬತ್ತು ಸತ್ತವು. ಕೊಕ್ಕರೆ ರೋಗ ಅಂದುಕೊಂಡೆವು. ಆದರೆ ಹಸುವೂ ಮೇವು ಬಿಟ್ಟಿತು. ಹೊತ್ತಿಗೆ ನಾಲ್ಕು ಲೀಟರು ಕೊಡುತ್ತಿದ್ದದ್ದು ಎರಡೂವರೆಗೆ ಇಳಿಯಿತು. ಪಶುವೈದ್ಯರು ಬಂದು ಹಸುವಿನ ಕಣ್ಣು, ಬಾಯಿ ನೋಡಿದ ಮೇಲೆ ಕೇಳಿದ ಮೊದಲ ಮಾತು "ಏನು ತಿನ್ನಿಸ್ತಾ ಇದೀರಿ?" ಅಂತ. ಚೀಲ ತೋರಿಸಿದೆ. ಅವರು ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ, ಕಾಳಿನ ಮೂಲೆಯಲ್ಲಿದ್ದ ಹಸಿರು-ಹಳದಿ ಪುಡಿಯನ್ನು ಉಗುರಿನಲ್ಲಿ ಕೆರೆದು ತೋರಿಸಿದರು. "ಇದನ್ನ ಈಗಲೇ ನಿಲ್ಲಿಸಿ. ಹಾಲನ್ನ ಯಾರು ಕುಡೀತಾರೆ ಮನೇಲಿ?" ಅಂದರು.

ಹಾಲು ಕುಡಿಯುತ್ತಿದ್ದವಳು ಎರಡು ವರ್ಷದ ನನ್ನ ಮೊಮ್ಮಗಳು.

ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಲಿಲ್ಲ. ಆದ್ದರಿಂದ ಕೋಳಿ ಸತ್ತದ್ದು ಇದರಿಂದಲೇ ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಕಾಳು ಬದಲಾಯಿಸಿದ ಮೇಲೆ ಹಸು ಚೇತರಿಸಿಕೊಂಡಿತು, ಮತ್ತೆ ಕೋಳಿ ಸಾಯಲಿಲ್ಲ. ಮೊಮ್ಮಗಳು ಚೆನ್ನಾಗಿದ್ದಾಳೆ. ಆವತ್ತಿನಿಂದ ಈ ವಿಷಯ ತಿಳಿದುಕೊಳ್ಳಬೇಕು ಅಂತ ಹಟ ಹಿಡಿಯಿತು. ಕೃಷಿ ವಿಜ್ಞಾನ ಕೇಂದ್ರದ ತರಬೇತಿಗೆ ಹೋದೆ, ಪಶುವೈದ್ಯರನ್ನು ಕಾಡಿದೆ, ಮಗನ ಕೈಲಿ ಓದಿಸಿ ಕೇಳಿದೆ. ಏಳನೇ ಕ್ಲಾಸಿನವನಿಗೆ ಅರ್ಥವಾದಷ್ಟನ್ನು ಇಲ್ಲಿ ಬರೆದಿದ್ದೇನೆ.

ಆ ಹಸಿರು ಪುಡಿ ಏನು?

ಬೂಷ್ಟಿನಲ್ಲಿ ನೂರೆಂಟು ಜಾತಿ. ಎಲ್ಲವೂ ವಿಷ ಮಾಡುವುದಿಲ್ಲ. ಮೆಕ್ಕೆಜೋಳ, ಶೇಂಗಾ, ಹತ್ತಿಕಾಳಿನ ಮೇಲೆ ಬರುವ ಆಸ್ಪರ್ಜಿಲ್ಲಸ್ ಫ್ಲೇವಸ್ ಅನ್ನೋ ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತೆ. ಇದರ ಬಣ್ಣ ಹಳದಿ ಬೆರೆತ ಹಸಿರು. ಈ ವಿಷವನ್ನು ಕಂಡುಹಿಡಿಯಲು ದಾರಿಯಾದದ್ದು 1960ರಲ್ಲಿ. ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಲಕ್ಷಕ್ಕೂ ಮೇಲೆ ಸತ್ತವು. ಹುಡುಕುತ್ತಾ ಹೋದರೆ ಬ್ರೆಜಿಲ್ಲಿನಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ ಈ ಬೂಷ್ಟಿತ್ತು. ನನ್ನ ಒಂಬತ್ತು ಕೋಳಿಯ ಕಥೆಯೇ ಅಲ್ಲಿ ದೊಡ್ಡದಾಗಿ ನಡೆದಿತ್ತು.

ಇನ್ನೊಂದು ಜಾತಿ ಬಿಳಿ ಅಥವಾ ತೆಳು ಗುಲಾಬಿ ಬಣ್ಣದ್ದು, ತೆನೆಯ ತುದಿಯಲ್ಲಿ, ಹುಳ ಕೊರೆದಲ್ಲಿ ಹತ್ತಿಯ ಹಾಗೆ ಕಾಣುತ್ತೆ. ಅದು ಫ್ಯುಸೇರಿಯಂ. ಅದು ಬಿಡುವ ವಿಷಕ್ಕೆ ಫ್ಯುಮೋನಿಸಿನ್ ಅಂತಾರೆ. 1995ರಲ್ಲಿ ನಮ್ಮ ಕರ್ನಾಟಕ, ಆಂಧ್ರದ ಬಯಲು ಸೀಮೆಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ ಶುರುವಾದದ್ದು ಈ ವಿಷದಿಂದ ಅಂತ ವಿಜ್ಞಾನಿಗಳು ಪತ್ತೆ ಮಾಡಿದರು. ಆ ಕಾಳು ಬಿಟ್ಟ ಮೇಲೆ ನಿಂತಿತು. ತಿಂದವರು ಯಾರು? ಬೇರೆ ಕಾಳು ಕೊಳ್ಳಲು ಗತಿಯಿಲ್ಲದ ಬಡವರು.

ಅದಕ್ಕಿಂತ ಘೋರವಾದದ್ದು 1974ರಲ್ಲಿ ನಡೆಯಿತು. ರಾಜಸ್ಥಾನದ ಬಾನ್ಸವಾಡ, ಗುಜರಾತಿನ ಪಂಚಮಹಲ್ ಕಡೆಯ ಗುಡ್ಡಗಾಡಿನ ಭಿಲ್ ಜನಕ್ಕೆ ಮೆಕ್ಕೆಜೋಳವೇ ಊಟ. ಬರ, ಆಮೇಲೆ ಕೊಯ್ಲಿನ ಹೊತ್ತಿಗೆ ಅಕಾಲ ಮಳೆ. ಬೂಷ್ಟು ಬಂದ ಕಾಳನ್ನೇ ಬೀಸಿ ತಿಂದರು. ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು, ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ರೊಟ್ಟಿ ತಿಂದ ಮನೆಯ ನಾಯಿಗಳೂ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹೋಗಿ ಇದು ಅಫ್ಲಾಟಾಕ್ಸಿನ್ ಅಂತ ಹೇಳಿದರು. ಮೂವತ್ತು ವರ್ಷದ ಮೇಲೆ, 2004ರಲ್ಲಿ, ಆಫ್ರಿಕಾದ ಕೀನ್ಯಾ ದೇಶದ ಪೂರ್ವ ಭಾಗದಲ್ಲಿ ಮತ್ತೆ ಅದೇ ಆಯ್ತು. 317 ಜನ ಕಾಯಿಲೆ ಬಿದ್ದರು, 125 ಜನ ಸತ್ತರು. ಅಲ್ಲಿಯೂ ಸಣ್ಣ ರೈತರೇ, ತಾವೇ ಬೆಳೆದ ಮೆಕ್ಕೆಜೋಳವೇ. ಹಸಿ ಇದ್ದ ಕಾಳನ್ನು ಮನೆಯೊಳಗೆ ಇಟ್ಟುಕೊಂಡವರಿಗೆ ಹೆಚ್ಚು ಆಯ್ತು ಅಂತ ಅಧ್ಯಯನ ಮಾಡಿದವರು ಬರೆದಿದ್ದಾರೆ.

ಇದನ್ನೆಲ್ಲ ಓದಿಸಿಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವ್ವ ಕಹಿ ಅಂದಾಗ ನಾನು ಅವಳನ್ನೇ ಗದರಿಸಿದ್ದೆ.

ಹೀಗೆ ಜನ ಪಟಪಟ ಸಾಯುವುದು ಅಪರೂಪ. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಹೊಟ್ಟೆಗೆ ಹೋಗೋದು ಸಾಮಾನ್ಯ, ಅದು ಯಾರಿಗೂ ಗೊತ್ತಾಗೋದಿಲ್ಲ. ಅಫ್ಲಾಟಾಕ್ಸಿನ್ ಪಿತ್ತಜನಕಾಂಗಕ್ಕೆ, ಅಂದರೆ ಲಿವರಿಗೆ, ಕ್ಯಾನ್ಸರ್ ತರುವ ವಸ್ತು ಅಂತ ಖಚಿತವಾಗಿದೆ. ಹೆಪಟೈಟಿಸ್ ಬಿ ಕಾಮಾಲೆ ಇದ್ದವರಿಗೆ ಅಪಾಯ ಹಲವು ಪಟ್ಟು. ನಮ್ಮ ದೇಶದ ಕಾನೂನಿನ ಪ್ರಕಾರ ತಿನ್ನುವ ಕಾಳಿನಲ್ಲಿ ಕೆ.ಜಿ.ಗೆ 15 ಮೈಕ್ರೋಗ್ರಾಂ ಮೀರಬಾರದು. ನಮ್ಮ ಲೆಕ್ಕಕ್ಕೆ ತಂದರೆ ಹತ್ತು ಕ್ವಿಂಟಾಲು ಮೆಕ್ಕೆಜೋಳದಲ್ಲಿ ಹೆಚ್ಚುಕಮ್ಮಿ ಒಂದು ಅಕ್ಕಿಕಾಳಿನ ತೂಕ. ಅಷ್ಟು ಬಿಗಿ ಮಿತಿ ಇಟ್ಟಿದ್ದಾರೆ ಅಂದ ಮೇಲೆ ಇದು ಎಂಥ ವಸ್ತು ಅಂತ ಊಹಿಸಿಕೊಳ್ಳಿ. ಹಾಲಿಗೆ ಮಿತಿ ಇನ್ನೂ ಬಿಗಿ, ಕೆ.ಜಿ.ಗೆ ಅರ್ಧ ಮೈಕ್ರೋಗ್ರಾಂ. ಹಸು ತಿಂದ ವಿಷದಲ್ಲಿ ಸ್ವಲ್ಪ ಪಾಲು ಒಂದೇ ದಿನದಲ್ಲಿ ಹಾಲಿಗೆ ಇಳಿಯುತ್ತೆ. ಸಮಾಧಾನ ಅಂದರೆ, ಕೆಟ್ಟ ಕಾಳು ನಿಲ್ಲಿಸಿದ ಕೆಲವೇ ದಿನದಲ್ಲಿ ಹಾಲು ಸರಿಯಾಗುತ್ತೆ.

ನಾವು ನಂಬಿದ ಸುಳ್ಳುಗಳು

ಬೇಯಿಸಿದರೆ ಹೋಗುತ್ತೆ ಅಂತೀವಿ. ಹೋಗುವುದಿಲ್ಲ. ಬೂಷ್ಟು ಸಾಯುತ್ತೆ, ಅದು ಬಿಟ್ಟ ವಿಷ ಕುದಿಯುವ ನೀರಿಗೂ ಹೆಂಚಿನ ಕಾವಿಗೂ ಜಗ್ಗುವುದಿಲ್ಲ. ಬಿಸಿಲಿಗೆ ಹಾಕಿ ತೂರಿದರೆ ಪುಡಿ ಉದುರುತ್ತೆ, ವಾಸನೆ ಹೋಗುತ್ತೆ, ವಿಷ ಕಾಳಿನ ಒಳಗೇ ಉಳಿಯುತ್ತೆ. ನಾನು ಎರಡು ಚೀಲಕ್ಕೆ ಮಾಡಿದ್ದು ಅದನ್ನೇ, ಕಣ್ಣಿಗೆ ಕಾಣದ ಹಾಗೆ ಮಾಡಿ ಮಾರಿದೆ. ಆ ಮೆಕ್ಕೆಜೋಳ ಯಾವ ಕೋಳಿಯ ಹೊಟ್ಟೆಗೆ ಹೋಯ್ತೋ, ಯಾರ ಮನೆಗೆ ಹೋಯ್ತೋ.

ಬೆರೆಸಿದರೆ ತೆಳುವಾಗುತ್ತೆ ಅನ್ನುವವರೂ ಇದ್ದಾರೆ. ಈ ವಿಷ ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ. ನೂರು ಕಾಳು ಚೊಕ್ಕ ಇದ್ದು ಒಂದೇ ಕಾಳಿನಲ್ಲಿ ಭಯಂಕರ ವಿಷ ಇರಬಹುದು. ಅದಕ್ಕೇ ಒಂದು ಹಿಡಿ ನೋಡಿ ಚೆನ್ನಾಗಿದೆ ಅಂತ ಹೇಳಲಾಗದು. ಬೆರೆಸಿದಾಗ ಬೂಷ್ಟೂ ಹರಡುತ್ತೆ. ತೇವ ಇದ್ದರೆ ಒಳ್ಳೆಯ ಚೀಲವೂ ಕೆಡುತ್ತೆ.

ಇನ್ನು ದನಕ್ಕಾದರೂ ಆಗುತ್ತೆ ಅನ್ನುವ ಮಾತು. ದನದ ಶರೀರ ಕೋಳಿಗಿಂತ ತಾಳುತ್ತೆ ನಿಜ. ಬಾತುಕೋಳಿ ಎಲ್ಲಕ್ಕಿಂತ ಮೊದಲು ಸಾಯುತ್ತೆ. ಆದರೆ ಹಾಲು ಕೊಡುವ ಹಸುವಿಗೆ ಹಾಕೋದು ಮನೆ ಮಕ್ಕಳ ಲೋಟಕ್ಕೆ ಹಾಕಿದ ಹಾಗೆಯೇ. ಮೆಕ್ಕೆಜೋಳ ಮಾತ್ರ ಅಲ್ಲ, ನಮ್ಮ ಪಕ್ಕದ ಚಳ್ಳಕೆರೆ ಸೀಮೆ ಶೇಂಗಾದ್ದು. ಜೊಳ್ಳು, ಬೂಷ್ಟು ಶೇಂಗಾ ಆರಿಸಿ ಹಿಂಡಿಗೆ ಕೊಡುವ ಚಾಳಿಗೂ ಇದೇ ಮಾತು.

ರೋಗ ಹೊಲದಲ್ಲೇ ಶುರು

ನಾನು ಬೂಷ್ಟು ಅಂದರೆ ಗೋದಾಮಿನ ಕಾಯಿಲೆ ಅಂದುಕೊಂಡಿದ್ದೆ. ಹಾಗಲ್ಲ. ಕಾಳು ಹಾಲುಗಟ್ಟುವ ಹೊತ್ತಿಗೆ ಬಿಸಿಲು ಜೋರಾಗಿ, ನೆಲ ಒಣಗಿ ಬೆಳೆ ಬಾಡಿದರೆ ಈ ಹಸಿರು ಬೂಷ್ಟು ತೆನೆಯೊಳಗೇ ಸೇರುತ್ತೆ. ಅಂದರೆ ಮಳೆ ನಂಬಿದ ನಮ್ಮಂಥವರ ಹೊಲಕ್ಕೇ ಇದು ಹೆಚ್ಚು. ನೀರಾವರಿಯವರಿಗೆ ಅಷ್ಟಿಲ್ಲ. ಎರಡನೆಯದು ಹುಳ. 2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಕಂಡ ಸೈನಿಕ ಹುಳ ಈಗ ಎಲ್ಲ ಕಡೆ ಇದೆ. ಸುಳಿ ತಿಂದದ್ದು ನಮಗೆ ಕಾಣುತ್ತೆ. ತೆನೆಯ ತುದಿಗೆ ಹೊಕ್ಕು ಕೊರೆದದ್ದು ಸಿಪ್ಪೆ ಸುಲಿದಾಗಲೇ ಗೊತ್ತಾಗೋದು. ಆ ತೂತೇ ಬೂಷ್ಟಿಗೆ ಬಾಗಿಲು.

ಹದ ಮಳೆ ಸಿಕ್ಕ ಕೂಡಲೇ ಬಿತ್ತುವುದು, ಗಿಡ ದಟ್ಟ ಮಾಡದಿರುವುದು, ಹೊಲದಲ್ಲಿ ತೇವ ನಿಲ್ಲಿಸಲು ಬದು, ಹರಿ ಸರಿ ಇಡುವುದು, ಹುಳಕ್ಕೆ ಸುಳಿಯಲ್ಲಿ ಇರುವಾಗಲೇ ಮದ್ದು ಹಾಕುವುದು. ಇಷ್ಟೇ ನಮ್ಮ ಕೈಲಿರುವುದು. ಉಳಿದದ್ದು ಮೇಲಿನವನ ಕೈಲಿ.

ಕೊಯ್ಲಿನ ಹೊತ್ತು ನಮ್ಮ ಕೈಲಿದೆ. ಕಾಳನ್ನು ದಿಂಡಿನಿಂದ ಕಿತ್ತು ಬುಡ ನೋಡಿ. ಕಪ್ಪು ಪದರ ಬಂದಿದ್ದರೆ ಕಾಳು ಬಲಿತಿದೆ, ಇನ್ನು ತೂಕ ಕೂಡುವುದಿಲ್ಲ. ಆಮೇಲೂ ಕೂಲಿ ಸಿಗಲಿಲ್ಲ, ಹಬ್ಬ ಮುಗಿಯಲಿ ಅಂತ ತಿಂಗಳುಗಟ್ಟಲೆ ಗಿಡದಲ್ಲಿ ಬಿಟ್ಟರೆ ಹುಳ, ಗಿಳಿ, ಮಳೆ ಮೂರಕ್ಕೂ ಆಹ್ವಾನ. ಮುರಿಯುವಾಗಲೇ ಹುಳ ತಿಂದ ತೆನೆ, ತುದಿ ಬೂಷ್ಟು ಬಂದ ತೆನೆ, ನೆಲಕ್ಕೆ ಬಿದ್ದು ಮಣ್ಣು ಹತ್ತಿದ ತೆನೆ ಬೇರೆ ಬುಟ್ಟಿಗೆ ಹಾಕಿ. ಈ ಒಂದು ಕೆಲಸದಿಂದಲೇ ವಿಷದ ದೊಡ್ಡ ಪಾಲು ಹೊರಗೆ ಹೋಗುತ್ತೆ. ಮಿಶಿನ್ನಿಗೆ ಹಾಕಿದ ಮೇಲೆ ಆರಿಸಲು ಬ್ರಹ್ಮನಿಗೂ ಆಗುವುದಿಲ್ಲ. ನಮ್ಮ ಮನೆಯಲ್ಲಿ ಈ ಬುಟ್ಟಿ ನನ್ನ ಹೆಂಡತಿಯ ವಶ. ನಾನು ದಾಕ್ಷಿಣ್ಯಕ್ಕೆ "ಅದು ಇರ್ಲಿ ಬಿಡೇ" ಅಂದರೂ ಅವಳು ಬಿಡುವುದಿಲ್ಲ.

ಮುರಿದ ತೆನೆಯನ್ನು ಎದೆಯೆತ್ತರ ರಾಶಿ ಹಾಕುವುದು ಬಿಟ್ಟಿದ್ದೇನೆ. ಸಿಪ್ಪೆ ಸುಲಿದು ಮೊಣಕಾಲೆತ್ತರಕ್ಕಿಂತ ಕಡಿಮೆ ಹರಡುತ್ತೇನೆ. ತಾಡಪಾಲು ಮಳೆ ಬಂದಾಗ ಮತ್ತು ರಾತ್ರಿ ಇಬ್ಬನಿಗೆ ಮಾತ್ರ. ನಡುವೆ ಬಿದಿರು ಕೊಟ್ಟು ಎತ್ತರಿಸಿ, ಎರಡು ಕಡೆ ಗಾಳಿ ಆಡುವಂತೆ ಕಟ್ಟುತ್ತೇನೆ. ಬಿಸಿಲು ಬಂದ ಕೂಡಲೇ ಎತ್ತಲೇಬೇಕು.

ಒಣಗಿಸುವುದು, ಮತ್ತು ಉಪ್ಪಿನ ಬಾಟ್ಲಿ

ಮೆಕ್ಕೆಜೋಳ ಹೊಲದಿಂದ ಬರುವಾಗ ನೂರಕ್ಕೆ 20-25 ನೀರು ಇರುತ್ತೆ. ಮಾರಲು 14ಕ್ಕೆ ಇಳಿಯಬೇಕು, ಮನೆಯಲ್ಲಿ ತಿಂಗಳುಗಟ್ಟಲೆ ಇಡಲು 12-13ಕ್ಕೆ. ಒಂದು ಕ್ವಿಂಟಾಲು ಕಾಳು 20ರಿಂದ 14ಕ್ಕೆ ಇಳಿದರೆ 93 ಕೆ.ಜಿ. ಆಗುತ್ತೆ. ಏಳು ಕೆ.ಜಿ. ನೀರು ಹಾರಿಹೋಯ್ತು. ಕ್ವಿಂಟಾಲಿಗೆ 2,000 ರೂಪಾಯಿ ಧಾರಣೆ ಇಟ್ಟುಕೊಳ್ಳಿ. ಒಣಗಿಸಿ ಮಾರಿದವನಿಗೆ 1,860 ರೂಪಾಯಿ. ಹಸಿ ಮಾರಿದವನಿಗೆ ಒಂದು ಅಂಶಕ್ಕೆ ಒಂದು ಕೆ.ಜಿ.ಯಂತೆ ಆರು ಕೆ.ಜಿ. ಕಡಿದರೂ 1,880 ರೂಪಾಯಿ. ಒಣಗಿಸಿದವನಿಗೇ ಇಪ್ಪತ್ತು ರೂಪಾಯಿ ಖೋತಾ, ಕೂಲಿ ಬೇರೆ! ಹಸಿಗೆ ಅವರು ಆರಕ್ಕಿಂತ ಹೆಚ್ಚು ಕಡಿಯುವುದೂ ಉಂಟು, ಅದು ಬೇರೆ ಮಾತು. ಚೊಕ್ಕ ಕಾಳಿಗೆ ಬೆಲೆ ಕೊಡದೆ, ರೈತರು ಬೂಷ್ಟು ಕಾಳು ತರುತ್ತಾರೆ ಅಂತ ನಮ್ಮನ್ನೇ ದೂರುವುದು ನ್ಯಾಯವಲ್ಲ. ಆದರೆ ಮನೆಗೆ ಇಡುವ ನಾಲ್ಕೈದು ಚೀಲಕ್ಕೆ ಪೇಟೆಯ ಲೆಕ್ಕ ಹಾಕಬಾರದು ಅಂತ ನಾನು ತೀರ್ಮಾನ ಮಾಡಿಕೊಂಡಿದ್ದೇನೆ.

ಬರಿ ಮಣ್ಣಿನ ಮೇಲೆ ಒಣಗಿಸಬಾರದು, ಮಣ್ಣಿನಲ್ಲೇ ಬೂಷ್ಟಿನ ಬೀಜ ಇರುತ್ತೆ. ಸಗಣಿ ಸಾರಿಸಿದ ಕಣ ಪೂರ್ತಿ ಒಣಗಿದ್ದರೂ ಮೇಲೆ ತಾಡಪಾಲು ಹಾಸುವುದು ವಾಸಿ. ಡಾಂಬರು ರಸ್ತೆಯಲ್ಲಿ ಬೇಗ ಒಣಗುತ್ತೆ ಅಂತ ನಾವೆಲ್ಲ ಹಾಕುತ್ತೇವೆ. ರಾತ್ರಿ ಬೈಕಿನವರು ಅದರ ಕಲ್ಲಿಗೆ ಎಡವಿ ಬಿದ್ದದ್ದನ್ನು ನಾನೇ ಎತ್ತಿದ್ದೇನೆ, ಅದಕ್ಕೆ ಬಿಟ್ಟೆ. ಕಾಳಿನ ದಪ್ಪ ಎರಡು ಇಂಚು ಮೀರದಂತೆ ಹರಡಿ ಗಂಟೆಗೊಮ್ಮೆ ಕಾಲಾಡಿಸಬೇಕು. ಸಂಜೆ ಇಬ್ಬನಿ ಬೀಳುವ ಮುಂಚೆ ಕೂಡಿ ಮುಚ್ಚಬೇಕು.

ಒಣಗಿತೋ ಇಲ್ಲವೋ ನೋಡುವುದು ಹೇಗೆ? ಹಲ್ಲಲ್ಲಿ ಕಡಿದರೆ ಕಟ್ ಅನ್ನಬೇಕು ಅಂತ ಹಿರೇರು ಹೇಳುತ್ತಿದ್ದರು. ನನ್ನ ಹಲ್ಲು ಈಗ ಸಾಕ್ಷಿ ಹೇಳುವ ಸ್ಥಿತಿಯಲ್ಲಿಲ್ಲ. ತರಬೇತಿಯಲ್ಲಿ ಹೇಳಿಕೊಟ್ಟ ಉಪ್ಪಿನ ಪರೀಕ್ಷೆ ಬಹಳ ಉಪಯೋಗಕ್ಕೆ ಬಂತು. ಪುಡಿ ಉಪ್ಪನ್ನು ಬಾಣಲೆಯಲ್ಲಿ ಬಿಸಿ ಮಾಡಿ ಪೂರ್ತಿ ಒಣಗಿಸಿ ಆರಿಸಿಕೊಳ್ಳಿ. ಒಳಗೆ ಒಂದು ಹನಿ ನೀರಿಲ್ಲದ ಗಾಜಿನ ಬಾಟ್ಲಿಯಲ್ಲಿ ಮೂರನೇ ಒಂದು ಭಾಗ ಮೆಕ್ಕೆಜೋಳ ಹಾಕಿ, ಎರಡು ಮೂರು ಚಮಚ ಆ ಉಪ್ಪು ಸೇರಿಸಿ, ಮುಚ್ಚಳ ಬಿಗಿದು ಒಂದೆರಡು ನಿಮಿಷ ಅಲ್ಲಾಡಿಸಿ ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಮೆತ್ತಿಕೊಂಡರೆ ತೇವ 15ಕ್ಕಿಂತ ಹೆಚ್ಚಿದೆ, ಮತ್ತೆ ಹರಡಿ. ಮೆತ್ತದೆ ಉದುರಿದರೆ 15ಕ್ಕಿಂತ ಇಳಿದಿದೆ. ಅಲ್ಲಿಗೆ ನಿಲ್ಲಿಸಬೇಡಿ. ಮನೆಗಿಡುವ ಕಾಳಾದರೆ ಆಮೇಲೂ ಒಂದೆರಡು ದಿನ ಒಳ್ಳೆ ಬಿಸಿಲು ಕೊಡಿ. ಚೀಲದ ನಡುವಿನಿಂದ, ಅಡಿಯಿಂದ, ಮೇಲಿಂದ ಮೂರು ಕಡೆಯ ಕಾಳು ನೋಡಬೇಕು. ಒಂದು ಸಲ ಮೇಲಿನ ಕಾಳು ಮಾತ್ರ ನೋಡಿ ನಾನು ಮೋಸ ಹೋದೆ.

ಇಡುವಾಗಿನ ತಪ್ಪುಗಳು

ಒಣಗಿದ ಕಾಳನ್ನು ಬಿಸಿ ಇರುವಾಗಲೇ ಚೀಲಕ್ಕೆ ತುಂಬಬೇಡಿ, ಒಳಗೆ ಬೆವರುತ್ತೆ. ಗೋಡೆಯಿಂದ ಒಂದು ಅಡಿ ಬಿಟ್ಟು, ಕಲ್ಲಿನ ಮೇಲೆ ಹಲಗೆ ಇಟ್ಟು ಚೀಲ ಒಟ್ಟಿ. ಹಳೆಯ ಚೀಲವನ್ನು ಕೊಡವಿ ಬಿಸಿಲಿಗೆ ಹಾಕಿ, ಹೋದ ವರ್ಷದ ನುಸಿ, ಬೂಷ್ಟು ಎರಡೂ ಹೊಲಿಗೆಯಲ್ಲಿ ಇರುತ್ತವೆ. ಗೊಬ್ಬರದ ಚೀಲಕ್ಕೆ ತಿನ್ನುವ ಕಾಳು ಹಾಕುವುದು ಬೇಡವೇ ಬೇಡ. ಬೇವಿನ ಸೊಪ್ಪು ಹಾಕುವವರು ನೆರಳಲ್ಲಿ ಗರಿಗರಿ ಒಣಗಿಸಿ ಹಾಕಿ. ಹಸಿ ಸೊಪ್ಪು ಹಾಕಿ ತಾನೇ ತೇವ ತಂದುಕೊಂಡವರಿದ್ದಾರೆ.

ಗಾಳಿಯಾಡದ ಪದರದ ಚೀಲಗಳು ಈಗ ಸಿಗುತ್ತವೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮು ತುಂಬಾ ಹಾಕಿಟ್ಟರೂ ಆಗುತ್ತೆ. ಒಳಗಿನ ಪ್ರಾಣವಾಯುವನ್ನು ನುಸಿಯೇ ಉಸಿರಾಡಿ ಮುಗಿಸಿ ತಾನೇ ಸಾಯುತ್ತೆ. ಹೊಸ ವಿದ್ಯೆ ಅಂತ ಹೇಳಿದಾಗ ನನಗೆ ನಗು ಬಂತು. ನಮ್ಮ ಅಜ್ಜನ ಹಗೇವು ಇದೇ ಅಲ್ಲವೇ? ಹಗೇವಿನ ಬಾಯಿ ತೆಗೆದ ಮೇಲೆ ಒಳಗೆ ದೀಪ ಇಳಿಸಿ, ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಆದರೆ ಒಂದು ಎಚ್ಚರ. ಈ ಚೀಲ, ಡ್ರಮ್ಮಿಗೆ ಪೂರ್ತಿ ಒಣಗಿದ ಕಾಳೇ ಆಗಬೇಕು. ಹಸಿ ಕಾಳು ಹಾಕಿ ಬಿಗಿದರೆ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಇಡೀ ಡ್ರಮ್ಮು ಕೆಡುತ್ತೆ.

ಬೂಷ್ಟಿನ ಮಾತಲ್ಲದಿದ್ದರೂ ಎರಡು ವಿಷಯ ಬರೆಯದೆ ಮುಗಿಸಲಾರೆ. ನುಸಿಗೆ ಅಂತ ಮಲಗುವ ಮನೆಯಲ್ಲೇ ಚೀಲದೊಳಗೆ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ಇಡುವ ಅಭ್ಯಾಸ ನಮ್ಮೂರುಗಳಲ್ಲಿ ಇದೆ. ಅದರಿಂದ ಬರುವ ಗಾಳಿ ನುಸಿಯನ್ನೂ ಕೊಲ್ಲುತ್ತೆ, ಮಲಗಿದವರನ್ನೂ ಕೊಲ್ಲುತ್ತೆ. ಸರಕಾರದ ಪರವಾನಗಿ ಇದ್ದ, ತರಬೇತಾದ ಜನ ಬಿಟ್ಟು ಬೇರೆಯವರು ಮುಟ್ಟಬಾರದು ಅಂತ ಕಾನೂನೇ ಇದೆ. ಎರಡನೆಯದು ಬಿತ್ತಿ ಉಳಿದ ಗುಲಾಬಿ ಬಣ್ಣದ ಬೀಜ. ತೊಳೆದರೆ ಬಣ್ಣ ಹೋಗುತ್ತೆ ಅಂತ ತೊಳೆದು ಕೋಳಿಗೆ ಹಾಕುತ್ತಾರೆ, ಬರಗಾಲದಲ್ಲಿ ಬೀಸಿದ್ದೂ ಉಂಟು. ಇರಾಕ್ ದೇಶದಲ್ಲಿ 1971-72ರಲ್ಲಿ ಪಾದರಸದ ಮದ್ದು ಹಚ್ಚಿದ ಬಿತ್ತನೆ ಗೋಧಿಯಿಂದ ರೊಟ್ಟಿ ಮಾಡಿ ತಿಂದು ನಾನೂರಕ್ಕೂ ಹೆಚ್ಚು ಜನ ಆಸ್ಪತ್ರೆಯಲ್ಲಿ ಸತ್ತರು. ಅವರೂ ತೊಳೆದೇ ತಿಂದಿದ್ದರು. ಬಣ್ಣ ಹೋಗಿತ್ತು, ಮದ್ದು ಹೋಗಿರಲಿಲ್ಲ. ಉಳಿದ ಬೀಜ ಪೊಟ್ಟಣದಲ್ಲೇ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಬೇರೆ ಇಡಿ.

ಈಗ ನಮ್ಮ ಮನೆಯಲ್ಲಿ

ಗಿರಣಿಗೆ ಹಾಕುವ ಮುಂಚೆ ಮೆಕ್ಕೆಜೋಳವನ್ನು ಮೊರದಲ್ಲಿ ಹಾಕಿ ಆರಿಸುತ್ತೇವೆ. ಬಣ್ಣ ಕೆಟ್ಟದ್ದು, ಮುರುಕು, ಸುಕ್ಕಿದ್ದು, ಹುಳ ತಿಂದದ್ದು ಹೊರಗೆ. ಆಮೇಲೆ ನೀರಿಗೆ ಹಾಕಿ ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಅದೇ ದಿನ ಬಿಸಿಲಲ್ಲಿ ಒಣಗಿಸಿ ಬೀಸಿಸುತ್ತೇವೆ. ಒಂದೇ ಕಾಳನ್ನು ನಂಬಿ ಕೂರುವುದಿಲ್ಲ. ರಾಗಿ, ಬಿಳಿಜೋಳ, ನವಣೆ ತಿರುಗಿಸಿ ಮುರುಗಿಸಿ ತಿನ್ನುತ್ತೇವೆ. ಆರಿಸಿ ತೆಗೆದದ್ದು ಕೋಳಿಗೂ ಇಲ್ಲ, ಹಸುವಿಗೂ ಇಲ್ಲ, ನೇರ ತಿಪ್ಪೆಗುಂಡಿಗೆ. ಅದನ್ನೂ ಮೇಲೆ ಬಿಟ್ಟರೆ ಕೋಳಿ ಕೆದರುತ್ತೆ ಅಂತ ಮಣ್ಣು ಮುಚ್ಚುತ್ತೇವೆ. ಆರಿಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಆ ಪುಡಿ ಉಸಿರಿಗೆ ಹೋಗುವುದೂ ಒಳ್ಳೆಯದಲ್ಲ.

ಹೋದ ಸುಗ್ಗಿಯಲ್ಲಿ ಹೀಗೆ ಮುಕ್ಕಾಲು ಚೀಲದಷ್ಟು ಬೂಷ್ಟು ತೆನೆ ತೆಗೆದಿಟ್ಟಿದ್ದೆ. ನಮ್ಮ ಓಣಿಯ ಹುಡುಗ ಬಂದು "ದೊಡ್ಡಪ್ಪಾ, ಹೆಂಗೂ ತಿಪ್ಪೆಗೆ ಹಾಕ್ತೀಯ, ನಮ್ಮ ಎಮ್ಮೆಗಾದ್ರೂ ಕೊಡು" ಅಂದ. ಎಮ್ಮೆ ಈದು ಒಂದು ತಿಂಗಳಾಗಿತ್ತು, ಡೈರಿಗೆ ಹಾಲು ಹಾಕುತ್ತಿದ್ದ, ಹಿಂಡಿ ಕೊಳ್ಳಲು ದುಡ್ಡಿರಲಿಲ್ಲ ಅಂತ ನನಗೆ ಗೊತ್ತು. ಕೊಡಲಿಲ್ಲ. ಅವನಿಗೆ ಸಿಟ್ಟು ಬಂತು, ಒಂದು ವಾರ ಮಾತಾಡಲಿಲ್ಲ. ಆಮೇಲೆ ಒಂದು ಮಂಕರಿ ಚೊಕ್ಕ ಕಾಳು ನುಚ್ಚು ಮಾಡಿಸಿ ಅವನ ಮನೆಗೆ ಕಳಿಸಿದೆ. ಬೂಷ್ಟು ತೆನೆ ತಿಪ್ಪೆಗುಂಡಿಯಲ್ಲೇ ಕೊಳೆಯಿತು.